ಡೇರೆಯಿಂದ ಬೆನ್ನುಚೀಲದವರೆಗೆ: ಶಿಬಿರ ಸಾಮಗ್ರಿಗಳ ಹೊಣೆಯರಿತ ತಯಾರಿಕೆ

ಚಾರಣ, ಶಿಬಿರವಾಸ ಮತ್ತು ಪ್ರಕೃತಿ ಪ್ರವಾಸಗಳು ಕೆಲವೇ ಹವ್ಯಾಸಿಗಳ ಚಟುವಟಿಕೆಯಾಗಿದ್ದ ಕಾಲ ಕಳೆದಿದೆ. ವಾರಾಂತ್ಯಗಳಲ್ಲಿ ಕುಮಾರಪರ್ವತ, ಕೊಡಚಾದ್ರಿ, ಕುದುರೆಮುಖಗಳತ್ತ ಹೊರಡುವ ಯುವಜನರ ಸಂಖ್ಯೆ ಹೆಚ್ಚಿದಂತೆ ಡೇರೆ, ಬೆನ್ನುಚೀಲ, ಸ್ಲೀಪಿಂಗ್ ಬ್ಯಾಗ್, ಮಳೆ ಅಂಗಿ ಮುಂತಾದ ಸಾಮಗ್ರಿಗಳಿಗೆ ದೇಶದೊಳಗೆ ವಿಶಾಲವಾದ ಮಾರುಕಟ್ಟೆ ರೂಪುಗೊಂಡಿದೆ. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ವೈಲ್ಡ್‌ಕ್ರಾಫ್ಟ್ ಸಂಸ್ಥೆಯು ಈ ಕ್ಷೇತ್ರದಲ್ಲಿ ಕನ್ನಡ ನಾಡಿಗೆ ಹೆಸರು ತಂದಿರುವುದು ನಮ್ಮ ಸದಸ್ಯರಿಗೆ ತಿಳಿದ ವಿಷಯ. ಸಿದ್ಧ ಉಡುಪು ಉದ್ಯಮದಲ್ಲಿ ದಶಕಗಳ ಅನುಭವವುಳ್ಳ ನಮ್ಮ ಹೊಲಿಗೆ ಘಟಕಗಳಿಗೆ, ಜಿಪ್ ಮತ್ತು ಬಕಲ್ ಪೂರೈಸುವ ವರ್ತಕರಿಗೆ, ಬಟ್ಟೆಗೆ ಲೇಪನ ನೀಡುವ ಸಂಸ್ಕರಣ ಘಟಕಗಳಿಗೆ ಇದು ಸಹಜವಾದ ವಿಸ್ತರಣೆಯ ಕ್ಷೇತ್ರ.

ಆದರೆ ಈ ಮಾರುಕಟ್ಟೆಗೆ ಒಂದು ವೈಶಿಷ್ಟ್ಯವಿದೆ. ಡೇರೆ ಕೊಳ್ಳುವವನು ಕಾಡನ್ನೂ ಬೆಟ್ಟವನ್ನೂ ಪ್ರೀತಿಸುವವನು. ತಾನು ಮಲಗುವ ಡೇರೆಯೇ ಆ ಬೆಟ್ಟದ ತೊರೆಯನ್ನು ಕೆಡಿಸುತ್ತಿದೆ ಎಂದು ತಿಳಿದಾಗ ಅವನು ಸುಮ್ಮನಿರುವುದಿಲ್ಲ. ಈ ಕಾರಣದಿಂದಾಗಿಯೇ ಶಿಬಿರ ಸಾಮಗ್ರಿಗಳ ರಾಸಾಯನಿಕಗಳ ಬಗ್ಗೆ ಗ್ರಾಹಕರು, ಪರಿಸರ ಸಂಘಟನೆಗಳು ಮತ್ತು ಸರ್ಕಾರಗಳು ಇತರ ಬಟ್ಟೆಬರೆಗಳಿಗಿಂತ ಹೆಚ್ಚು ಕಠಿಣವಾದ ಪ್ರಶ್ನೆಗಳನ್ನು ಕೇಳತೊಡಗಿವೆ. ಆ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರವಿಲ್ಲದ ಘಟಕವು, ಎಷ್ಟೇ ಚೆನ್ನಾಗಿ ಹೊಲಿದರೂ, ಆದೇಶ ಕಳೆದುಕೊಳ್ಳುವ ಪರಿಸ್ಥಿತಿ ಬಂದಿದೆ. ಪ್ರಶ್ನೆಗಳು ಯಾವುವು, ಅವುಗಳ ಹಿಂದಿನ ಕಾರಣಗಳೇನು, ಸಣ್ಣ ಉದ್ಯಮಿಯು ತನ್ನ ಮಿತಿಯಲ್ಲಿ ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಡೇರೆಯಲ್ಲಿ ಏನೇನಿದೆ?

ಮೇಲ್ನೋಟಕ್ಕೆ ಡೇರೆ ಎಂದರೆ ಬಟ್ಟೆ ಮತ್ತು ಕಂಬಿ. ತಯಾರಕನ ದೃಷ್ಟಿಯಿಂದ ನೋಡಿದರೆ ಅದು ಹತ್ತಾರು ಪೂರೈಕೆದಾರರ ಸರಕುಗಳ ಜೋಡಣೆ. ಮೇಲ್ಹೊದಿಕೆ ಮತ್ತು ನೆಲಹಾಸು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯವು. ಬಟ್ಟೆಯ ಒಳಮುಖಕ್ಕೆ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಲೇಪನವಿದ್ದು ಇದು ನೀರನ್ನು ಒಳಗೆ ಬಿಡುವುದಿಲ್ಲ. ಹೊರಮುಖಕ್ಕೆ ನೀರು ಹನಿಹನಿಯಾಗಿ ಜಾರಿಹೋಗುವಂತೆ ಮಾಡುವ ಪ್ರತ್ಯೇಕ ರಾಸಾಯನಿಕ ಸಂಸ್ಕರಣವಿರುತ್ತದೆ. ಹೊಲಿಗೆಯ ಸಾಲುಗಳ ಮೇಲೆ ಬಿಸಿಯಿಂದ ಅಂಟಿಸಿದ ಟೇಪು, ಬಟ್ಟೆಗೆ ಬಣ್ಣ, ಕೆಲವು ಬಾರಿ ಬೆಂಕಿ ನಿರೋಧಕ, ಜೊತೆಗೆ ಜಿಪ್, ಬಕಲ್, ಎಲಾಸ್ಟಿಕ್ ಹಗ್ಗ ಮತ್ತು ಅಲ್ಯೂಮಿನಿಯಂ ಅಥವಾ ಫೈಬರ್ ಗ್ಲಾಸ್ ಕಂಬಿಗಳು ಸೇರುತ್ತವೆ.

ಇವುಗಳಲ್ಲಿ ಲೇಪನ ಮತ್ತು ಸಂಸ್ಕರಣ ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಅರಿಯುವುದು ಅವಶ್ಯಕ. ಲೇಪನವು ನೀರಿನ ಒತ್ತಡವನ್ನು ತಡೆಯುತ್ತದೆ. ಅದರ ಸಾಮರ್ಥ್ಯವನ್ನು ಬಟ್ಟೆ ತಡೆದುಕೊಳ್ಳುವ ನೀರಿನ ಕಂಬದ ಎತ್ತರದಿಂದ, ಅಂದರೆ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಸಂಸ್ಕರಣವು ಬಟ್ಟೆಯ ಹೊರಮೈ ನೆನೆದು ಭಾರವಾಗದಂತೆ ನೋಡಿಕೊಳ್ಳುತ್ತದೆ. ಅದರ ಸಾಮರ್ಥ್ಯವನ್ನು ನೀರು ಸಿಂಪಡಿಸಿ, ಬಟ್ಟೆ ಎಷ್ಟು ನೆನೆಯಿತೆಂದು ನೋಡಿ ಅಂಕ ನೀಡುವ ಪರೀಕ್ಷೆಯಿಂದ ನಿರ್ಧರಿಸುತ್ತಾರೆ. ಜಗತ್ತಿನ ಗಮನವೆಲ್ಲ ಈಗ ನೆಟ್ಟಿರುವುದು ಈ ಎರಡನೆಯದರ ಮೇಲೆ.

ನೀರು ಜಾರಿಸುವ ರಾಸಾಯನಿಕದ ಕಥೆ

ಅನೇಕ ದಶಕಗಳ ಕಾಲ ಬಟ್ಟೆಯ ಮೇಲೆ ನೀರೂ ಎಣ್ಣೆಯೂ ನಿಲ್ಲದಂತೆ ಮಾಡಲು ಫ್ಲೋರಿನ್ ಆಧಾರಿತ ಸಂಯುಕ್ತಗಳನ್ನು ಬಳಸಲಾಗುತ್ತಿತ್ತು. ಇವುಗಳ ಬೃಹತ್ ಕುಟುಂಬಕ್ಕೆ ಪಿ.ಎಫ್.ಎ.ಎಸ್. ಎಂಬ ಸಂಕ್ಷಿಪ್ತ ಹೆಸರಿದೆ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧವು ಸಾವಯವ ರಸಾಯನಶಾಸ್ತ್ರದ ಅತ್ಯಂತ ಬಲವಾದ ಬಂಧಗಳಲ್ಲಿ ಒಂದು. ಸಂಸ್ಕರಣ ಬಾಳಿಕೆ ಬರುವುದಕ್ಕೆ ಈ ಬಲವೇ ಕಾರಣ. ಪರಿಸರದಲ್ಲಿ ಈ ವಸ್ತು ಕೊಳೆಯದೆ ಉಳಿಯುವುದಕ್ಕೂ ಇದೇ ಕಾರಣ. ಕಾರ್ಖಾನೆಯ ತ್ಯಾಜ್ಯ ನೀರಿನ ಮೂಲಕ ಹೊರಬಂದ ಈ ಸಂಯುಕ್ತಗಳು ನದಿ, ಅಂತರ್ಜಲ, ಮೀನು ಮತ್ತು ಮನುಷ್ಯರ ರಕ್ತದಲ್ಲಿಯೂ ಪತ್ತೆಯಾಗಿವೆ. ಈ ಕುಟುಂಬದ ಪಿ.ಎಫ್.ಒ.ಎ. ಎಂಬ ಸಂಯುಕ್ತವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿತು.

ಹಾನಿಕರ ರಾಸಾಯನಿಕಗಳ ಕುರಿತಾದ ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಈ ಕುಟುಂಬದ ಪಿ.ಎಫ್.ಒ.ಎಸ್. 2009ರಲ್ಲಿ, ಪಿ.ಎಫ್.ಒ.ಎ. 2019ರಲ್ಲಿ, ಪಿ.ಎಫ್.ಎಚ್.ಎಕ್ಸ್.ಎಸ್. 2022ರಲ್ಲಿ ಸೇರ್ಪಡೆಯಾದವು. ಉದ್ಯಮವು ಮೊದಲಿಗೆ ಎಂಟು ಇಂಗಾಲಗಳ ಸರಪಳಿಯನ್ನು ಬಿಟ್ಟು ಆರು ಇಂಗಾಲಗಳ ಸರಪಳಿಗೆ ಬದಲಾಯಿತು. ಮಾರುಕಟ್ಟೆಯಲ್ಲಿ ಇವನ್ನು ‘ಸಿ8’ ಮತ್ತು ‘ಸಿ6’ ಎನ್ನುತ್ತಾರೆ. ಆದರೆ ಸಿ6 ಕೂಡ ಪರಿಸರದಲ್ಲಿ ಕೊಳೆಯುವುದಿಲ್ಲ. ಆದುದರಿಂದ ಈಗ ಬೇಡಿಕೆ ಇರುವುದು ಫ್ಲೋರಿನ್ ಇಲ್ಲವೇ ಇಲ್ಲದ ‘ಸಿ0’ ಸಂಸ್ಕರಣಕ್ಕೆ. ಸಿ6 ಎಂದರೆ ಸುರಕ್ಷಿತ ಎಂದು ಹೇಳಿ ಮಾರುವ ರಾಸಾಯನಿಕ ವರ್ತಕರ ಮಾತನ್ನು ನಂಬಿ ಮೋಸಹೋಗಬಾರದು.

ಶಿಬಿರ ಸಾಮಗ್ರಿಗಳಿಗೆ ಈ ವಿಷಯ ನೇರವಾಗಿ ತಗುಲಿದ್ದು 2016ರಲ್ಲಿ. ಆ ವರ್ಷದ ಜನವರಿಯಲ್ಲಿ ಗ್ರೀನ್‌ಪೀಸ್ ಸಂಘಟನೆಯು ಜಾಕೆಟ್, ಪಾದರಕ್ಷೆ, ಡೇರೆ, ಬೆನ್ನುಚೀಲ, ಸ್ಲೀಪಿಂಗ್ ಬ್ಯಾಗ್ ಮೊದಲಾದ 40 ಉತ್ಪನ್ನಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿತು. ನಾಲ್ಕನ್ನು ಬಿಟ್ಟು ಉಳಿದೆಲ್ಲವುಗಳಲ್ಲಿ ಈ ಸಂಯುಕ್ತಗಳು ಕಂಡುಬಂದವು. ಅದೇ ವರ್ಷ ಬ್ರಿಟನ್ನಿನ ಪಾರಾಮೊ ಮತ್ತು ಜರ್ಮನಿಯ ಫೌಡೆ ಸಂಸ್ಥೆಗಳು ಇವನ್ನು ಕೈಬಿಡುವ ವಾಗ್ದಾನ ನೀಡಿದವು. 2017ರಲ್ಲಿ ಗೋರ್‌ಟೆಕ್ಸ್ ಬಟ್ಟೆಯ ತಯಾರಕರಾದ ಗೋರ್ ಸಂಸ್ಥೆಯವರೂ ಈ ದಾರಿಗೆ ಬಂದರು. ಫ್ಲೋರಿನ್ ರಾಸಾಯನಿಕಗಳ ದೊಡ್ಡ ಉತ್ಪಾದಕರಲ್ಲಿ ಒಬ್ಬರಾದ 3ಎಂ ಕಂಪನಿಯು 2025ರ ಅಂತ್ಯದೊಳಗೆ ಈ ವ್ಯವಹಾರದಿಂದಲೇ ಹೊರಬರುವುದಾಗಿ 2022ರ ಡಿಸೆಂಬರ್‌ನಲ್ಲಿ ಘೋಷಿಸಿತು.

ಕಾನೂನುಗಳ ದಿನಸೂಚಿ

ಸ್ವಯಂಪ್ರೇರಿತ ವಾಗ್ದಾನಗಳ ಹಿಂದೆಯೇ ಕಾನೂನುಗಳು ಬಂದವು. ರಫ್ತುದಾರರೂ, ರಫ್ತುದಾರರಿಗೆ ಬಟ್ಟೆ ಮತ್ತು ಬಿಡಿಭಾಗ ಪೂರೈಸುವವರೂ ಕೆಳಗಿನ ದಿನಾಂಕಗಳನ್ನು ಗುರುತಿಟ್ಟುಕೊಳ್ಳುವುದು ಒಳಿತು.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2022ರಲ್ಲಿ ಅಂಗೀಕರಿಸಿದ ಕಾನೂನಿನಂತೆ 2025ರ ಜನವರಿ 1ರಿಂದ ಉಡುಪು ಮತ್ತು ಬೆನ್ನುಚೀಲಗಳೂ ಸೇರಿದಂತೆ ಹೊಸ ಜವಳಿ ಸಾಮಗ್ರಿಗಳಲ್ಲಿ ಪಿ.ಎಫ್.ಎ.ಎಸ್. ನಿಷಿದ್ಧ. ಉದ್ದೇಶಪೂರ್ವಕವಾಗಿ ಸೇರಿಸುವುದಷ್ಟೇ ಅಲ್ಲ, ಒಟ್ಟು ಸಾವಯವ ಫ್ಲೋರಿನ್ ಪ್ರಮಾಣವು ಹತ್ತು ಲಕ್ಷಕ್ಕೆ 100 ಭಾಗಗಳ ಮಿತಿಯನ್ನು ಮೀರುವುದೂ ನಿಷೇಧಕ್ಕೆ ಒಳಪಡುತ್ತದೆ. ಈ ಮಿತಿಯು 2027ರ ಜನವರಿ 1ರಿಂದ 50 ಭಾಗಗಳಿಗೆ ಇಳಿಯಬೇಕೆಂದು ಅದೇ ಕಾನೂನು ಗೊತ್ತುಪಡಿಸಿದೆ. ಅತಿಯಾದ ಮಳೆಯಲ್ಲಿ ದೀರ್ಘಕಾಲ ಬಳಸುವ ವಿಶೇಷ ಉಡುಪುಗಳಿಗೆ ಮಾತ್ರ 2028ರ ಜನವರಿ 1ರವರೆಗೆ ಅವಕಾಶ ನೀಡಲಾಗಿದೆ. ಅಲ್ಲಿಯವರೆಗೆ ಅಂತಹ ಉಡುಪಿನ ಮೇಲೆ ಈ ರಾಸಾಯನಿಕ ಇದೆಯೆಂದು ನಮೂದಿಸಬೇಕು.

ಫ್ರಾನ್ಸ್ ದೇಶವು 2025ರ ಫೆಬ್ರವರಿಯಲ್ಲಿ ಮಾಡಿದ ಕಾನೂನು ಉಡುಪು, ಪಾದರಕ್ಷೆ ಮತ್ತು ಅವುಗಳಿಗೆ ಬಳಸುವ ನೀರು ನಿರೋಧಕಗಳಲ್ಲಿನ ನಿಷೇಧಕ್ಕೆ 2026ರ ಜನವರಿ 1ನ್ನು, ಉಳಿದ ಜವಳಿಗಳಿಗೆ 2030ನ್ನು ನಿಗದಿಪಡಿಸಿತು. ಐರೋಪ್ಯ ಒಕ್ಕೂಟವು 2024ರ ಸೆಪ್ಟೆಂಬರ್‌ನಲ್ಲಿ ಸಿ6 ರಸಾಯನಕ್ಕೆ ಸಂಬಂಧಿಸಿದ ಪಿ.ಎಫ್.ಎಚ್.ಎಕ್ಸ್.ಎ. ಸಂಯುಕ್ತವನ್ನು ನಿರ್ಬಂಧಿಸುವ ನಿಯಮ ಹೊರಡಿಸಿ, ಸಾರ್ವಜನಿಕರ ಬಳಕೆಯ ಉಡುಪುಗಳಿಗೆ 2026ರ ಅಕ್ಟೋಬರ್ 10ನ್ನು ಗಡುವಾಗಿ ಇರಿಸಿತು.

ಹಿಂದಿನ ಪಾಠ

ವಿದೇಶದ ಒಂದು ಕಾನೂನು ನಮ್ಮ ಬೀದಿಯ ಕಾರ್ಖಾನೆಯನ್ನು ತಲುಪುವುದು ಹೊಸದೇನಲ್ಲ. 1994ರಲ್ಲಿ ಜರ್ಮನಿಯು ಹಾನಿಕರ ಅಮೈನ್‌ಗಳನ್ನು ಬಿಡುಗಡೆ ಮಾಡುವ ಕೆಲವು ಅಜೊ ಬಣ್ಣಗಳನ್ನು ನಿಷೇಧಿಸಿದಾಗ ಭಾರತದ ಜವಳಿ ಮತ್ತು ಚರ್ಮದ ರಫ್ತುದಾರರು ಬೆಚ್ಚಿಬಿದ್ದರು. 1997ರಲ್ಲಿ ನಮ್ಮ ಕೇಂದ್ರ ಸರ್ಕಾರವೇ 70 ಅಜೊ ಬಣ್ಣಗಳನ್ನು ನಿಷೇಧಿಸಿತು. ಮುಂಚಿತವಾಗಿ ಬಣ್ಣ ಬದಲಿಸಿ, ಪರೀಕ್ಷಾ ವರದಿ ಸಿದ್ಧವಿಟ್ಟುಕೊಂಡವರಿಗೆ ಈ ಬದಲಾವಣೆ ವ್ಯಾಪಾರದ ಅವಕಾಶವಾಯಿತು. ಕಾದು ನೋಡಿದವರಿಗೆ ನಷ್ಟವಾಯಿತು.

ಇನ್ನೊಂದು ಪಾಠ ನೆರೆಯ ತಿರುಪ್ಪೂರಿನದು. ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಿಂದ ಅಲ್ಲಿನ ಏಳುನೂರಕ್ಕೂ ಹೆಚ್ಚು ಬಣ್ಣ ಹಾಕುವ ಮತ್ತು ಬಿಳುಪು ಮಾಡುವ ಘಟಕಗಳು ಬಾಗಿಲು ಹಾಕಬೇಕಾಯಿತು. ಹೊರಗೆ ಒಂದು ಹನಿ ತ್ಯಾಜ್ಯವನ್ನೂ ಬಿಡದ ಶುದ್ಧೀಕರಣ ವ್ಯವಸ್ಥೆಯನ್ನು ಅಳವಡಿಸಿಕೊಂಡ ಮೇಲೆಯೇ ಉದ್ಯಮ ಚೇತರಿಸಿಕೊಂಡಿತು. ಬಣ್ಣ ಹಾಕುವವರ ಬಾಗಿಲು ಮುಚ್ಚಿದಾಗ ಹೊಲಿಯುವವರ ಕೈಗೂ ಕೆಲಸವಿರಲಿಲ್ಲ ಎಂಬುದನ್ನು ಮರೆಯಬಾರದು. ನೀರನ್ನು ಕೆಡಿಸಿ ಉಳಿಸಿದ ಹಣ ಉಳಿತಾಯವಲ್ಲ. ಅದು ಮುಂದೊಂದು ದಿನ ಬಡ್ಡಿಸಹಿತ ತೀರಿಸಬೇಕಾದ ಸಾಲ.

ಬದಲಿ ಸಂಸ್ಕರಣ: ಅನುಕೂಲ ಮತ್ತು ಮಿತಿ

ಫ್ಲೋರಿನ್ ಇಲ್ಲದ ಸಂಸ್ಕರಣಗಳು ಮುಖ್ಯವಾಗಿ ಮೇಣ, ಸಿಲಿಕೋನ್ ಮತ್ತು ಹೈಡ್ರೋಕಾರ್ಬನ್ ಆಧಾರಿತ ಪಾಲಿಮರ್‌ಗಳಿಂದ ತಯಾರಾಗುತ್ತವೆ. ಇವು ನೀರನ್ನು ಚೆನ್ನಾಗಿ ಜಾರಿಸುತ್ತವೆ, ಆದರೆ ಎಣ್ಣೆಯನ್ನು ಜಾರಿಸುವುದಿಲ್ಲ. ಬೆವರಿನ ಜಿಡ್ಡು, ಅಡುಗೆಯ ಎಣ್ಣೆ, ಚರ್ಮಕ್ಕೆ ಹಚ್ಚುವ ಕ್ರೀಮುಗಳು ಅಂಟಿದ ಜಾಗದಲ್ಲಿ ನೀರು ನಿಲ್ಲತೊಡಗುತ್ತದೆ. ಡೇರೆಯ ಮೇಲ್ಹೊದಿಕೆಗೆ ಇದು ದೊಡ್ಡ ಕೊರತೆಯಲ್ಲ. ಮೈಗೆ ತಾಗುವ ಜಾಕೆಟ್ಟಿಗೆ ಮಾತ್ರ ಗಮನಾರ್ಹ. ಆದುದರಿಂದ ಆಗಾಗ್ಗೆ ಒಗೆಯಬೇಕು, ಒಗೆದ ಬಳಿಕ ಹದವಾದ ಶಾಖ ಕೊಡಬೇಕು, ಕೆಲವು ಕಾಲದ ನಂತರ ಸಂಸ್ಕರಣವನ್ನು ಮರಳಿ ಹಚ್ಚಬೇಕು ಎಂಬ ಸೂಚನೆಗಳನ್ನು ಉತ್ಪನ್ನದ ಜೊತೆ ಕಡ್ಡಾಯವಾಗಿ ನೀಡಬೇಕು. ಸೂಚನೆ ನೀಡದೆ ಮಾರಿದರೆ ಗ್ರಾಹಕನು ಸರಕೇ ಕಳಪೆಯೆಂದು ಭಾವಿಸಿ ಹಿಂದಿರುಗಿಸುತ್ತಾನೆ.

ಸಂಸ್ಕರಣ ಘಟಕಗಳು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ನಿನ್ನೆ ಸಿ6 ಬಳಸಿದ ತೊಟ್ಟಿ, ಪಂಪು ಮತ್ತು ರೋಲರುಗಳಲ್ಲಿಯೇ ಇಂದು ಸಿ0 ಸಂಸ್ಕರಣ ನಡೆಸಿದರೆ ಉಳಿದುಹೋದ ಅಂಶವು ಹೊಸ ಬಟ್ಟೆಗೆ ಸೇರುತ್ತದೆ. ಮಿತಿಯು ಹತ್ತು ಲಕ್ಷಕ್ಕೆ ಕೆಲವೇ ಹತ್ತು ಭಾಗಗಳಷ್ಟಿರುವಾಗ ಈ ಬೆರಕೆಯೊಂದೇ ಸರಕು ತಿರಸ್ಕೃತವಾಗಲು ಸಾಕು. ಸಾಧ್ಯವಾದರೆ ಯಂತ್ರವನ್ನೇ ಪ್ರತ್ಯೇಕವಾಗಿಡಬೇಕು. ಅದು ಆಗದಿದ್ದಲ್ಲಿ ಫ್ಲೋರಿನ್ ಬಳಕೆಯನ್ನು ಸಂಪೂರ್ಣ ನಿಲ್ಲಿಸಿ, ಯಂತ್ರವನ್ನು ಶುದ್ಧಿಮಾಡಿ, ಮೊದಲ ತಂಡದ ಬಟ್ಟೆಯನ್ನು ಪರೀಕ್ಷಿಸಿದ ಬಳಿಕವೇ ಉತ್ಪಾದನೆ ಆರಂಭಿಸಬೇಕು.

ಲೇಪನ, ದ್ರಾವಕ ಮತ್ತು ಕಾರ್ಮಿಕರ ಆರೋಗ್ಯ

ಹೊಣೆಯರಿತ ತಯಾರಿಕೆ ಎಂದರೆ ನದಿಯ ರಕ್ಷಣೆ ಮಾತ್ರವಲ್ಲ, ಯಂತ್ರದ ಮುಂದೆ ನಿಂತವರ ರಕ್ಷಣೆಯೂ ಹೌದು. ಪಾಲಿಯುರೆಥೇನ್ ಲೇಪನದಲ್ಲಿ ಡೈಮೀಥೈಲ್ ಫಾರ್ಮಮೈಡ್, ಟೊಲ್ಯೂಯಿನ್ ಮುಂತಾದ ದ್ರಾವಕಗಳು ಬಳಕೆಯಲ್ಲಿವೆ. ಡೈಮೀಥೈಲ್ ಫಾರ್ಮಮೈಡ್ ಉಸಿರಿನ ಮೂಲಕವಷ್ಟೇ ಅಲ್ಲದೆ ಚರ್ಮದ ಮೂಲಕವೂ ದೇಹವನ್ನು ಸೇರಿ ಯಕೃತ್ತಿಗೆ ಹಾನಿಮಾಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ತಪ್ಪು. ಗಾಳಿ ಹೊರಗೆಳೆಯುವ ವ್ಯವಸ್ಥೆ, ದ್ರಾವಕವನ್ನು ತಡೆಯುವ ಸೂಕ್ತ ಕೈಗವಸು, ಮುಚ್ಚಿದ ಮಿಶ್ರಣ ಪಾತ್ರೆ ಇವು ಕನಿಷ್ಠ ಅಗತ್ಯಗಳು. ನೀರಿನಲ್ಲಿ ಕರಗಿಸಿದ ಪಾಲಿಯುರೆಥೇನ್ ಲೇಪನಗಳು ದೊರೆಯುತ್ತಿದ್ದು, ಅವು ದ್ರಾವಕದ ಬಳಕೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಒಣಗಿಸಲು ಹೆಚ್ಚು ಶಾಖ ಬೇಕಾಗುತ್ತದೆ ಎಂಬುದು ಅವುಗಳ ಮಿತಿ. ಆದರೆ ಬೆಂಕಿ ಅವಘಡದ ಭಯ ಕಡಿಮೆಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಹೊಲಿಗೆ ಘಟಕಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ಕೂಲಿ, ಅಧಿಕ ಸಮಯದ ದುಡಿಮೆ, ಭವಿಷ್ಯ ನಿಧಿ, ವಿಮಾ ಸೌಲಭ್ಯಗಳ ದಾಖಲೆಗಳನ್ನು ವಿದೇಶಿ ಖರೀದಿದಾರರು ಈಗ ರಾಸಾಯನಿಕ ವರದಿಯಷ್ಟೇ ಕಟ್ಟುನಿಟ್ಟಾಗಿ ಪರಿಶೀಲಿಸುತ್ತಾರೆ. 2023ರ ಜನವರಿ 1ರಿಂದ ಜಾರಿಗೆ ಬಂದ ಜರ್ಮನಿಯ ಪೂರೈಕೆ ಸರಪಳಿ ಕಾನೂನು, ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಲ್ಲಿನ ಕಾರ್ಮಿಕ ಹಕ್ಕುಗಳ ಬಗ್ಗೆಯೂ ಎಚ್ಚರ ವಹಿಸುವಂತೆ ಮಾಡಿತು. ಆ ಹೊಣೆಯನ್ನು ಕಂಪನಿಗಳು ಕರಾರು ಪತ್ರದ ಮೂಲಕ ನಮಗೆ ವರ್ಗಾಯಿಸುತ್ತವೆ.

ಬೆಂಕಿ ನಿರೋಧಕದ ಪ್ರಶ್ನೆ

ಹಿಂದೆ ಡೇರೆಗಳನ್ನು ಮೇಣ ಸವರಿದ ಹತ್ತಿಯ ಕ್ಯಾನ್‌ವಾಸಿನಿಂದ ಮಾಡುತ್ತಿದ್ದರು. ಅವು ಬೇಗನೆ ಹೊತ್ತಿಕೊಳ್ಳುತ್ತಿದ್ದುದರಿಂದ ಅಮೆರಿಕದಲ್ಲಿ 1970ರ ದಶಕದಲ್ಲಿ ಸಿ.ಪಿ.ಎ.ಐ.-84 ಎಂಬ ಮಾನದಂಡ ರೂಪುಗೊಂಡಿತು. ಅದನ್ನು ಪೂರೈಸಲು ತಯಾರಕರು ತೆಳುವಾದ ನೈಲಾನ್ ಮತ್ತು ಪಾಲಿಯೆಸ್ಟರ್ ಡೇರೆಗಳಿಗೂ ಬೆಂಕಿ ನಿರೋಧಕ ರಾಸಾಯನಿಕಗಳನ್ನು ಹಾಕತೊಡಗಿದರು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಡೇರೆಯನ್ನು ನಿಲ್ಲಿಸುವವರ ಕೈಗೆ ಈ ರಾಸಾಯನಿಕಗಳು ಅಂಟುತ್ತವೆ ಎಂಬುದನ್ನು ತೋರಿಸಿತು. ನಂತರ ಎ.ಎಸ್.ಟಿ.ಎಂ. ಸಂಸ್ಥೆಯು ಶಿಬಿರ ಡೇರೆಗಳಿಗೆಂದೇ ಎಫ್3431 ಎಂಬ ಹೊಸ ಮಾನದಂಡವನ್ನು ಹೊರತಂದಿದ್ದು, ಅದನ್ನು ಇಂತಹ ರಾಸಾಯನಿಕಗಳಿಲ್ಲದೆ ಪೂರೈಸಲು ಸಾಧ್ಯವಿದೆ. ಖರೀದಿದಾರರು ಯಾವ ಮಾನದಂಡವನ್ನು ಕೇಳುತ್ತಿದ್ದಾರೆಂದು ಲಿಖಿತವಾಗಿ ತಿಳಿದುಕೊಂಡು, ಅಗತ್ಯವಿಲ್ಲದ ಕಡೆ ಈ ರಾಸಾಯನಿಕಗಳನ್ನು ಹಾಕದಿರುವುದು ಆರೋಗ್ಯಕ್ಕೂ ಲೇಸು, ಕಿಸೆಗೂ ಲೇಸು.

ಮರುಬಳಕೆಯ ನೂಲು ಮತ್ತು ಹಕ್ಕಿಯ ಗರಿ

ಹಳೆಯ ಪೆಟ್ ಬಾಟಲಿಗಳನ್ನು ತೊಳೆದು, ಚೂರು ಮಾಡಿ, ಕರಗಿಸಿ ನೂಲು ತೆಗೆಯುವ ಉದ್ಯಮ ಭಾರತದಲ್ಲಿ ಚೆನ್ನಾಗಿ ಬೇರೂರಿದೆ. ಬೆನ್ನುಚೀಲದ ಒಳಪದರ, ಸ್ಲೀಪಿಂಗ್ ಬ್ಯಾಗಿನ ತುಂಬು ಹತ್ತಿಗೆ ಬದಲಾದ ನಾರು ಮತ್ತು ಡೇರೆಯ ಬಟ್ಟೆಗೆ ಈ ಪಾಲಿಯೆಸ್ಟರ್ ಒದಗುತ್ತದೆ. ಆದರೆ ‘ಮರುಬಳಕೆಯದು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆಯ ಜಾಗತಿಕ ಮರುಬಳಕೆ ಮಾನದಂಡದಲ್ಲಿ, ಪ್ರಮಾಣಪತ್ರಕ್ಕೆ ಕನಿಷ್ಠ ಶೇ. 20ರಷ್ಟು, ಉತ್ಪನ್ನದ ಮೇಲೆ ಚಿಹ್ನೆ ಹಾಕಲು ಕನಿಷ್ಠ ಶೇ. 50ರಷ್ಟು ಮರುಬಳಕೆಯ ಅಂಶವಿರಬೇಕೆಂಬ ನಿಯಮವಿದೆ. ಅಷ್ಟೇ ಅಲ್ಲದೆ ನೂಲಿನ ಗಿರಣಿಯಿಂದ ಹೊಲಿಗೆ ಘಟಕದವರೆಗೆ ಪ್ರತಿಯೊಂದು ಕೈಬದಲಾವಣೆಗೂ ವಹಿವಾಟಿನ ಪ್ರಮಾಣಪತ್ರ ಬೇಕು. ಸರಪಳಿಯಲ್ಲಿ ಒಬ್ಬ ವರ್ತಕ ಪ್ರಮಾಣಪತ್ರ ಪಡೆಯದಿದ್ದರೂ ಮುಂದಿನವರ ಹೇಳಿಕೆಗೆ ಆಧಾರವಿಲ್ಲದಂತಾಗುತ್ತದೆ.

ಬಣ್ಣದ ವಿಷಯದಲ್ಲಿಯೂ ಉಳಿತಾಯಕ್ಕೆ ದಾರಿಯಿದೆ. ನೂಲು ತೆಗೆಯುವ ಮುನ್ನ ಕರಗಿದ ಪಾಲಿಮರಿನಲ್ಲಿಯೇ ಬಣ್ಣವನ್ನು ಬೆರೆಸುವ ಪದ್ಧತಿಯಲ್ಲಿ ಬಟ್ಟೆಯನ್ನು ಬಣ್ಣದ ನೀರಿನಲ್ಲಿ ಅದ್ದುವ ಅವಶ್ಯಕತೆಯೇ ಇಲ್ಲ. ಬಿಸಿಲಿಗೆ ಬಣ್ಣ ಮಾಸುವುದೂ ಕಡಿಮೆ. ದೊಡ್ಡ ಪ್ರಮಾಣದಲ್ಲಿ ಒಂದೇ ಬಣ್ಣ ಕೊಳ್ಳಬೇಕಾಗುವುದು ಇದರ ತೊಡಕು. ಆದುದರಿಂದ ಕೆಲವು ಸಣ್ಣ ಘಟಕಗಳು ಸೇರಿ ಕಪ್ಪು, ಬೂದು, ಹಸಿರಿನಂತಹ ಸಾಮಾನ್ಯ ಬಣ್ಣಗಳನ್ನು ಒಟ್ಟಾಗಿ ಖರೀದಿಸುವುದು ಸೂಕ್ತ.

ಚಳಿಪ್ರದೇಶದ ಸ್ಲೀಪಿಂಗ್ ಬ್ಯಾಗುಗಳಲ್ಲಿ ಬಾತು ಮತ್ತು ಹೆಬ್ಬಾತುಗಳ ಮೆತ್ತನೆಯ ಗರಿಯನ್ನು ತುಂಬುತ್ತಾರೆ. ಜೀವಂತ ಹಕ್ಕಿಯಿಂದ ಗರಿ ಕೀಳುವುದನ್ನೂ ಬಲವಂತವಾಗಿ ತಿನ್ನಿಸುವುದನ್ನೂ ನಿಷೇಧಿಸುವ ‘ಹೊಣೆಯರಿತ ಗರಿ’ ಮಾನದಂಡವು 2014ರಿಂದ ಚಾಲ್ತಿಗೆ ಬಂದಿದೆ. ಗರಿಯನ್ನು ಆಮದು ಮಾಡಿಕೊಳ್ಳುವವರು ಈ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಅಂದಹಾಗೆ, ನೆನೆದ ಗರಿ ಮುದ್ದೆಯಾಗಿ ಬಿಸಿ ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ತೇವದ ಹವೆಗೆ ಪಾಲಿಯೆಸ್ಟರ್ ತುಂಬಿದ ಬ್ಯಾಗೇ ಹೆಚ್ಚು ಯೋಗ್ಯ.

ಬಾಳಿಕೆ ಮತ್ತು ದುರಸ್ತಿ

ಎಲ್ಲ ಪ್ರಮಾಣಪತ್ರಗಳಿಗಿಂತ ದೊಡ್ಡ ಪರಿಸರ ಸೇವೆ ಎಂದರೆ ವಸ್ತು ಹೆಚ್ಚು ಕಾಲ ಬಾಳುವುದು. ಎರಡು ಮಳೆಗಾಲಕ್ಕೆ ಹಾಳಾಗುವ ಡೇರೆಯನ್ನು ಮರುಬಳಕೆಯ ನೂಲಿನಿಂದ ಮಾಡಿದರೂ ಅದು ಕಸವೇ. ಇಲ್ಲಿ ನಮ್ಮ ಹವಾಮಾನಕ್ಕೆ ಸಂಬಂಧಿಸಿದ ಒಂದು ತಾಂತ್ರಿಕ ಅಂಶವನ್ನು ತಿಳಿಸಬೇಕು. ಪಾಲಿಯೆಸ್ಟರ್ ಮಾದರಿಯ ಪಾಲಿಯುರೆಥೇನ್ ಲೇಪನವು ತೇವಾಂಶ ಮತ್ತು ಶಾಖಕ್ಕೆ ಒಡ್ಡಿಕೊಂಡಾಗ ನಿಧಾನವಾಗಿ ಒಡೆಯುತ್ತದೆ. ಮಡಿಸಿಟ್ಟ ಡೇರೆ ಜಿಗುಟಾಗಿ, ದುರ್ವಾಸನೆ ಬಂದು, ಪದರು ಕಿತ್ತುಬರುವುದು ಇದರಿಂದಲೇ. ಪಾಲಿಈಥರ್ ಮಾದರಿಯ ಲೇಪನ ಮತ್ತು ಸಿಲಿಕೋನ್ ಲೇಪನಗಳು ಇದನ್ನು ಹೆಚ್ಚು ತಡೆದುಕೊಳ್ಳುತ್ತವೆ. ಕರಾವಳಿ ಮತ್ತು ಮಲೆನಾಡಿಗೆ ಮಾರುವ ತಯಾರಕರು ಬಟ್ಟೆಯ ಆದೇಶ ಕೊಡುವಾಗ ಲೇಪನದ ಮಾದರಿಯನ್ನು ನಮೂದಿಸಬೇಕು. ‘ಒಣಗಿಸಿದ ಮೇಲೆಯೇ ಮಡಿಸಿ’ ಎಂಬ ಸೂಚನೆಯನ್ನು ಡೇರೆಯ ಚೀಲದ ಮೇಲೆಯೇ ಕನ್ನಡದಲ್ಲಿ ಮುದ್ರಿಸಬೇಕು.

ಎರಡನೆಯದು ದುರಸ್ತಿ. ಒಂದು ಬಕಲ್ ಮುರಿದರೆ ಇಡೀ ಬೆನ್ನುಚೀಲ ಮೂಲೆ ಸೇರುತ್ತದೆ. ಜಿಪ್ಪಿನ ಓಡುಗುಂಡಿ ಸವೆದರೆ ಇಡೀ ಡೇರೆ ನಿರುಪಯೋಗಿಯಾಗುತ್ತದೆ. ಹೊಲಿಗೆ ಬಿಚ್ಚದೆ ಬದಲಿಸಬಹುದಾದ ಬಕಲ್, ಎಲ್ಲೆಡೆ ಸಿಗುವ ಅಳತೆಯ ಜಿಪ್, ಬಿಡಿಯಾಗಿ ಮಾರುವ ಕಂಬಿಯ ತುಂಡುಗಳು, ಜೊತೆಗೆ ಅಂಗೈಯಗಲದ ತೇಪೆ ಬಟ್ಟೆ ಇವಿಷ್ಟನ್ನು ವಿನ್ಯಾಸದ ಹಂತದಲ್ಲಿಯೇ ಯೋಚಿಸಿದರೆ ವಸ್ತುವಿನ ಆಯುಷ್ಯ ಇಮ್ಮಡಿಯಾಗಬಲ್ಲದು. ಅಮೆರಿಕದ ಪ್ಯಾಟಗೋನಿಯ ಸಂಸ್ಥೆಯು ಹಳೆಯ ಉಡುಪಿನ ದುರಸ್ತಿ ಮತ್ತು ಮರುಮಾರಾಟವನ್ನು ತನ್ನ ವ್ಯಾಪಾರದ ಅಂಗವನ್ನಾಗಿಯೇ ಮಾಡಿಕೊಂಡಿದೆ. ಚೀಲ ಹೊಲಿಯುವವರು, ಜಿಪ್ ಸರಿಪಡಿಸುವವರು ಪ್ರತಿಯೊಂದು ಪೇಟೆಯಲ್ಲಿಯೂ ಇರುವ ನಮ್ಮ ನಾಡಿನಲ್ಲಿ ಇದು ಇನ್ನೂ ಸುಲಭ. ಬಿಡಿಭಾಗ ಮಾರುವ ವರ್ತಕರಿಗೂ ಇದು ಹೊಸ ವ್ಯಾಪಾರ.

ಕತ್ತರಿಸಿದ ನಂತರ ಉಳಿಯುವ ಬಟ್ಟೆಯ ಚೂರುಗಳ ಬಗ್ಗೆಯೂ ಒಂದು ಮಾತು. ಮಾದರಿಗಳನ್ನು ಬಟ್ಟೆಯ ಮೇಲೆ ಒತ್ತಾಗಿ ಜೋಡಿಸುವುದರಿಂದ ಬಟ್ಟೆ ಉಳಿಯುತ್ತದೆ. ಆದರೂ ಉಳಿದ ಚೂರುಗಳಿಂದ ಕಂಬಿ ಚೀಲ, ಮೊಳೆ ಚೀಲ, ಸಣ್ಣ ಕೈಚೀಲಗಳನ್ನು ಹೊಲಿಯಬಹುದು. ಅಮೆರಿಕದ ಕೊಟೊಪಾಕ್ಸಿ ಸಂಸ್ಥೆಯು ಉಳಿಕೆ ಬಟ್ಟೆಗಳಿಂದಲೇ ಬಣ್ಣಬಣ್ಣದ ಬೆನ್ನುಚೀಲಗಳ ಸರಣಿಯನ್ನು ತಯಾರಿಸಿ ಹೆಸರು ಗಳಿಸಿದೆ.

ಹೇಳುವ ಮಾತಿಗೆ ಆಧಾರವಿರಲಿ

‘ಪರಿಸರಸ್ನೇಹಿ’, ‘ಹಸಿರು’, ‘ನೈಸರ್ಗಿಕ’ ಎಂಬ ಪದಗಳನ್ನು ಪೊಟ್ಟಣದ ಮೇಲೆ ಮನಬಂದಂತೆ ಅಚ್ಚು ಹಾಕುವ ಕಾಲ ಮುಗಿದಿದೆ. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು, ದಾರಿತಪ್ಪಿಸುವ ಪರಿಸರ ಹೇಳಿಕೆಗಳನ್ನು ತಡೆಯಲೆಂದೇ ರೂಪುಗೊಂಡಿವೆ. ಇಂತಹ ಸಾಮಾನ್ಯ ಪದಗಳನ್ನು ಬಳಸುವವರು ಅದಕ್ಕೆ ನಂಬಲರ್ಹವಾದ ಆಧಾರವನ್ನೂ ಸೂಕ್ತ ವಿವರಣೆಯನ್ನೂ ನೀಡಬೇಕು. ಹೇಳಿಕೆಯು ಇಡೀ ವಸ್ತುವಿಗೆ ಅನ್ವಯಿಸುತ್ತದೆಯೇ, ಒಂದು ಭಾಗಕ್ಕೆ ಮಾತ್ರವೇ, ಅಥವಾ ಪೊಟ್ಟಣಕ್ಕೆ ಮಾತ್ರವೇ ಎಂಬುದನ್ನು ಸ್ಪಷ್ಟಪಡಿಸಬೇಕು. ‘ಈ ಚೀಲದ ಒಳಪದರದ ಬಟ್ಟೆ ಮರುಬಳಕೆಯ ಪಾಲಿಯೆಸ್ಟರಿನದು’ ಎಂಬ ಸರಳ, ಸತ್ಯವಾದ ವಾಕ್ಯವು ‘ಭೂಮಿತಾಯಿಯ ಚೀಲ’ ಎಂಬ ಘೋಷಣೆಗಿಂತ ಸುರಕ್ಷಿತವೂ ಹೌದು, ನಂಬಿಕೆ ಹುಟ್ಟಿಸುವಂಥದ್ದೂ ಹೌದು.

ಸಣ್ಣ ಘಟಕಗಳಿಗೆ ಕಾರ್ಯಸೂಚಿ

ಒಮ್ಮೆಲೇ ಎಲ್ಲವನ್ನೂ ಬದಲಿಸುವುದು ಸಣ್ಣ ಉದ್ಯಮಿಗೆ ಸಾಧ್ಯವಲ್ಲ. ಕೆಳಗಿನ ಕ್ರಮದಲ್ಲಿ ಹೆಜ್ಜೆಯಿಡಬಹುದು.

1. ಪ್ರತಿಯೊಂದು ಉತ್ಪನ್ನಕ್ಕೂ ಬಳಸುವ ಬಟ್ಟೆ, ಲೇಪನ, ಸಂಸ್ಕರಣ, ಟೇಪು, ದಾರ, ಜಿಪ್, ಬಕಲ್‌ಗಳ ಪಟ್ಟಿಯನ್ನೂ ಪೂರೈಕೆದಾರರ ಹೆಸರನ್ನೂ ಬರೆದಿಡಿ.

2. ಪೂರೈಕೆದಾರರಿಂದ ರಾಸಾಯನಿಕ ಸುರಕ್ಷತಾ ದತ್ತಾಂಶ ಪತ್ರ ಮತ್ತು ‘ಪಿ.ಎಫ್.ಎ.ಎಸ್. ಸೇರಿಸಿಲ್ಲ’ ಎಂಬ ಸಹಿಯುಳ್ಳ ಘೋಷಣೆಯನ್ನು ಪಡೆಯಿರಿ. ಹಾನಿಕರ ರಾಸಾಯನಿಕ ನಿರ್ಮೂಲನೆಗಾಗಿ 2011ರಲ್ಲಿ ಆರಂಭವಾದ ಝಡ್.ಡಿ.ಎಚ್.ಸಿ. ಒಕ್ಕೂಟದ ನಿಷೇಧಿತ ರಾಸಾಯನಿಕಗಳ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

3. ಎಲ್ಲವನ್ನೂ ಪರೀಕ್ಷಿಸುವ ಬದಲು ಅಪಾಯ ಹೆಚ್ಚಿರುವ ಹೊರಬಟ್ಟೆ, ಲೇಪನ ಮತ್ತು ಟೇಪುಗಳನ್ನು ಎನ್.ಎ.ಬಿ.ಎಲ್. ಮಾನ್ಯತೆಯುಳ್ಳ ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಒಟ್ಟು ಫ್ಲೋರಿನ್ ಪರೀಕ್ಷೆಯನ್ನು ಮೊದಲು ಮಾಡಿಸಿ. ಅದು ಮಿತಿ ಮೀರಿದರೆ ಮಾತ್ರ ವಿವರವಾದ ಪರೀಕ್ಷೆಗೆ ಹೋಗಿ.

4. ಪ್ರತಿ ತಂಡದ ಬಟ್ಟೆಗೂ ಸಂಖ್ಯೆ ನೀಡಿ, ಆ ಸಂಖ್ಯೆಯನ್ನು ಸಿದ್ಧ ಸರಕಿನ ಚೀಟಿಯಲ್ಲಿ ನಮೂದಿಸಿ. ದೂರು ಬಂದಾಗ ಇಡೀ ದಾಸ್ತಾನನ್ನು ಹಿಂತೆಗೆದುಕೊಳ್ಳುವ ಕಷ್ಟ ತಪ್ಪುತ್ತದೆ.

5. ಹಳೆಯ ದಾಸ್ತಾನಿನಲ್ಲಿರುವ ಸಿ6 ಬಟ್ಟೆಯನ್ನು ಪ್ರತ್ಯೇಕವಾಗಿಡಿ. ಹೊಸ ಆದೇಶಕ್ಕೆ ಕೊರತೆಯಾದಾಗ ಅದರಲ್ಲಿ ಒಂದು ಸುರುಳಿಯನ್ನು ಬೆರೆಸುವ ಪ್ರಲೋಭನೆಗೆ ಒಳಗಾಗಬೇಡಿ.

6. ಕೇಂದ್ರ ಸರ್ಕಾರವು 2022ರಲ್ಲಿ ಮರುರೂಪಿಸಿ ಆರಂಭಿಸಿದ ಜೆಡ್ ಪ್ರಮಾಣೀಕರಣ ಯೋಜನೆಯಲ್ಲಿ ಪ್ರಮಾಣೀಕರಣ ಶುಲ್ಕದ ಮೇಲೆ ಸೂಕ್ಷ್ಮ ಘಟಕಗಳಿಗೆ ಶೇ. 80, ಸಣ್ಣ ಘಟಕಗಳಿಗೆ ಶೇ. 60, ಮಧ್ಯಮ ಘಟಕಗಳಿಗೆ ಶೇ. 50ರಷ್ಟು ಸಹಾಯಧನವನ್ನು ಗೊತ್ತುಪಡಿಸಲಾಯಿತು. ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಿರುವ ಈ ಯೋಜನೆಯು ದಾಖಲೆ ಪದ್ಧತಿಯನ್ನು ರೂಢಿಸಿಕೊಳ್ಳಲು ಒಳ್ಳೆಯ ಆರಂಭ.

ವೆಚ್ಚದ ಲೆಕ್ಕಾಚಾರ

ಇಷ್ಟೆಲ್ಲ ಮಾಡಿದರೆ ಬೆಲೆ ಏರುವುದಿಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಲೆಕ್ಕದ ವಿಧಾನವನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಡೇರೆಯ ಮಾರಾಟ ಬೆಲೆ 6,000 ರೂಪಾಯಿ. ಅದಕ್ಕೆ 12 ಮೀಟರ್ ಬಟ್ಟೆ ಬೇಕು. ಸಿ0 ಸಂಸ್ಕರಣಕ್ಕೆ ಮೀಟರಿಗೆ 12 ರೂಪಾಯಿ ಹೆಚ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಆಗ ಡೇರೆಗೆ ಹೆಚ್ಚುವರಿ ವೆಚ್ಚ 144 ರೂಪಾಯಿ. ಪರೀಕ್ಷೆಗೆ 10,000 ರೂಪಾಯಿ ತಗುಲಿದರೆ, 500 ಡೇರೆಗಳ ಆದೇಶದಲ್ಲಿ ಡೇರೆಯೊಂದಕ್ಕೆ 20 ರೂಪಾಯಿ. ಒಟ್ಟು 164 ರೂಪಾಯಿ, ಅಂದರೆ ಮಾರಾಟ ಬೆಲೆಯ ಶೇ. 3ಕ್ಕಿಂತಲೂ ಕಡಿಮೆ. ಇಡೀ ಆದೇಶಕ್ಕೆ ಇದು 82,000 ರೂಪಾಯಿ. ಪರೀಕ್ಷೆಯಲ್ಲಿ ಫ್ಲೋರಿನ್ ಕಂಡುಬಂದು ಆ 500 ಡೇರೆಗಳು ಬಂದರಿನಿಂದ ಹಿಂದಿರುಗಿದರೆ ಸಿಕ್ಕಿಬೀಳುವ ಹಣ 30 ಲಕ್ಷ ರೂಪಾಯಿ, ಸಾಗಣೆ ವೆಚ್ಚ ಬೇರೆ. ಪ್ರತಿಯೊಬ್ಬರೂ ತಮ್ಮ ಪೂರೈಕೆದಾರರ ನಿಜವಾದ ದರಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡಬೇಕು. ಮೊದಲನೆಯದು ತಿಳಿದು ಮಾಡುವ ಖರ್ಚು, ಎರಡನೆಯದು ತಿಳಿಯದೆ ಬರುವ ನಷ್ಟ.

ಒಬ್ಬೊಬ್ಬರೇ ಮಾಡಿದರೆ ಭಾರವೆನಿಸುವ ಕೆಲಸವನ್ನು ಒಂದೇ ಕೈಗಾರಿಕಾ ಪ್ರದೇಶದ ಘಟಕಗಳು ಕೂಡಿ ಮಾಡಬಹುದು. ಸಿ0 ಬಟ್ಟೆಯ ಒಟ್ಟು ಖರೀದಿ, ಸಮಾನ ಬಟ್ಟೆಗೆ ಸಮಾನ ಪರೀಕ್ಷಾ ವರದಿ, ತ್ಯಾಜ್ಯ ನೀರಿನ ಸಾಮೂಹಿಕ ಶುದ್ಧೀಕರಣ ಇವೆಲ್ಲ ಸಹಕಾರದಿಂದ ಸಾಧ್ಯ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಮೂಹ ಅಭಿವೃದ್ಧಿ ಯೋಜನೆಯಡಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ನೀಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ ರೂಪಿಸಿದೆ. ಇದರ ಉಪಯೋಗ ಪಡೆಯಲು ಆಸಕ್ತ ಸದಸ್ಯರು ಮೊದಲು ತಮ್ಮ ತಮ್ಮಲ್ಲಿ ಒಗ್ಗೂಡಬೇಕು.

ನೀರು ಒಳಬಾರದಂತೆ ಡೇರೆ ಹೊಲಿಯುವ ಕೌಶಲ್ಯ ನಮ್ಮವರಿಗೆ ಹೊಸದಲ್ಲ. ಆ ನೀರು ಕೆಡದಂತೆ, ಹೊಲಿದ ಕೈ ಕೆಡದಂತೆ ನೋಡಿಕೊಂಡು, ಅದನ್ನು ದಾಖಲೆಯಿಂದ ತೋರಿಸಬಲ್ಲವರಾಗುವುದು ಮುಂದಿನ ಹೆಜ್ಜೆ. ಮುಂಬರುವ ಮಳೆಗಾಲದ ಬಟ್ಟೆಯ ಆದೇಶ ನೀಡುವ ಮುನ್ನ ಪೂರೈಕೆದಾರರನ್ನು ಒಂದೇ ಒಂದು ಪ್ರಶ್ನೆ ಕೇಳಿರಿ: ‘ಇದರ ಮೇಲಿನ ಸಂಸ್ಕರಣ ಯಾವುದು? ಬರೆದು ಕೊಡುತ್ತೀರಾ?’ ಬರೆದು ಕೊಡಲು ಹಿಂದೇಟು ಹಾಕುವವರ ಬಟ್ಟೆ ಎಷ್ಟೇ ಅಗ್ಗವಾಗಿದ್ದರೂ ಕೊನೆಗೆ ಅದು ದುಬಾರಿಯೇ.